ಆರಕ್ಷರದ ವಿಳಾಸ

ಗು ಬೊರಮ್ ಎಂಬವಳು ತಕ್ ಇನ್‌ಹೊ ಎಂಬವನಿಗೆ ಬರೆದ ಮೊಟ್ಟಮೊದಲ ಇ-ಮೇಲನ್ನು ಅವನ ಆಫೀಸಿನ ಕಂಪ್ಯೂಟರು ವೈರಸ್ಸೆಂದು ತಿಳಿದು ಕಸದ ಬುಟ್ಟಿಗೆ ಹಾಕಿತ್ತು.

ಕಂಪ್ಯೂಟರಿನ ತಪ್ಪೇನೂ ಇರಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಒಂದಕ್ಕೂ ಅರ್ಥವಿಲ್ಲ. ನಮ್ಮ ಕೊರಿಯನ್ ಕೀಬೋರ್ಡಿನಲ್ಲಿ ಒಂದೊಂದು ಗುಂಡಿಯ ಮೇಲೂ ಎರಡೆರಡು ಅಕ್ಷರ ಸಂಸಾರ ಮಾಡುತ್ತವೆ. ಒಂದು ಕೊರಿಯನ್, ಒಂದು ಇಂಗ್ಲಿಷ್. ಈಗ ಯಾರ ಸರದಿ ಎಂದು ಹೇಳುವುದಕ್ಕೆ ಬಲಗಡೆ ಒಂದು ಪುಟ್ಟ ಗುಂಡಿಯಿದೆ. ಅದನ್ನು ಒತ್ತಲು ಮರೆತರೆ ನೀವು ಬರೆಯುವುದು ಕೊರಿಯನ್, ಪರದೆಯ ಮೇಲೆ ಬೀಳುವುದು ಇಂಗ್ಲಿಷಿನ ಕಸ. ಬೊರಮ್ ಕೌದಿ ಹೊಲಿಯುವವಳು. ಜೀವಮಾನವೆಲ್ಲ ಬೆರಳು ನೋಡಿಕೊಂಡೇ ಕೆಲಸ ಮಾಡಿದವಳು. ಟೈಪ್ ಮಾಡುವಾಗಲೂ ಬೆರಳನ್ನೇ ನೋಡುತ್ತಿದ್ದಳು, ಪರದೆಯನ್ನಲ್ಲ.

ಇನ್‌ಹೊ ಆ ಪತ್ರವನ್ನು ಬುಟ್ಟಿಯಿಂದ ಮೇಲೆತ್ತಿ, ಅಕ್ಷರಕ್ಕೆ ಅಕ್ಷರ ಮಗುಚಿ ಓದಿದ. 'ತೊಂಗ್ಯೊಂಗ್ ಬಂದರಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ನೂಬಿ ಕೌದಿಯ ಅಂಗಡಿ ಇದೆ. ಅಂಗಡಿಗೆ ಬಂದವರಿಗೆಲ್ಲ ಸಿಗುತ್ತೇನೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ದಯವಿಟ್ಟು ಏನಾದರೂ ಮಾಡಿ.'

ಅವನು ಅದೇ ಕಸದ ಭಾಷೆಯಲ್ಲಿ ಉತ್ತರ ಬರೆದ. 'ಮಂಗಳವಾರ ಬರುತ್ತೇನೆ. ಅಷ್ಟರಲ್ಲಿ ಬಲಗಡೆಯ ಗುಂಡಿಯ ಪರಿಚಯ ಮಾಡಿಕೊಳ್ಳಿ.'

ಬೊರಮ್ ಒಂದು ಚೀಟಿಯ ಮೇಲೆ ಬರೆದುಕೊಳ್ಳುತ್ತ ಅದನ್ನು ಬಿಡಿಸಿದಳು. ಬಿಡಿಸಿದ ಮೇಲೆ ಕಿವಿ ಕೆಂಪಾಯಿತು. ತನ್ನ ತಪ್ಪನ್ನು ಇಷ್ಟು ಶ್ರಮಪಟ್ಟು ಅನುಕರಿಸಿದ ಗಂಡಸನ್ನು ಅವಳು ಮೊದಲು ಕಂಡಿರಲಿಲ್ಲ.

*

ಇನ್‌ಹೊ ರಾಜಧಾನಿ ಸೋಲ್‌ನವನು. ಊರಿನ ಕರಕುಶಲ ಕೇಂದ್ರ ಅವನನ್ನು ಈ ವಸಂತದವರೆಗೆ ಮಾತ್ರ ಕರೆಸಿಕೊಂಡಿತ್ತು. ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಹುಡುಕಿದವರಿಗೆ ಅವು ಮೊದಲ ಪುಟದಲ್ಲೇ ಕಾಣುವಂತೆ ನೋಡಿಕೊಳ್ಳುವುದು ಅವನ ಕೆಲಸ. ಉಳಿದ ಅಂಗಡಿಗಳೆಲ್ಲ ಮುಗಿದವು. ಬೊರಮ್‌ಳ ಅಂಗಡಿಯ ಫೋಟೋ ಆಯಿತು, ಬೆಲೆ ಆಯಿತು, ಅಜ್ಜಿಯ ಕಾಲದ ಕಥೆ ಆಯಿತು. ಉಳಿದದ್ದು ಡೊಮೈನ್ ಹೆಸರೊಂದೇ, ಎಂದರೆ ಇಂಟರ್‌ನೆಟ್ಟಿನಲ್ಲಿ ಅಂಗಡಿಯ ವಿಳಾಸ. ಆ ಹೆಸರು ನೋಂದಾಯಿಸಿದ ದಿನ ಇನ್‌ಹೊನ ಕೆಲಸ ಮುಗಿಯುತ್ತಿತ್ತು. ಸೋಲ್‌ನ ಕಂಪನಿಯೊಂದರಲ್ಲಿ ಅವನಿಗೊಂದು ಕುರ್ಚಿ ಆಗಲೇ ಕಾದಿತ್ತು.

ಇದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಹೆಸರು ಸಿಗಲೇ ಇಲ್ಲ.

"ತೊಂಗ್ಯೊಂಗ್ ನೂಬಿ ಅಂತ ಇಟ್ರೆ ಹೇಗೆ ಮೇಷ್ಟ್ರೇ? ಜನ ಹುಡುಕೋದೇ ಅದನ್ನಲ್ವಾ?" ಎಂದಳು ಬೊರಮ್. ಪಾಠ ಹೇಳಿಕೊಡುವ ಇನ್‌ಹೊ ಅವಳಿಗೆ ಮೇಷ್ಟ್ರು, ಅಂಗಡಿಯ ಒಡತಿ ಅವನಿಗೆ ಯಜಮಾನ್ರು.

"ಈ ಗಲ್ಲೀಲಿ ತೊಂಗ್ಯೊಂಗ್ ನೂಬಿ ಅನ್ನೋ ಬೋರ್ಡು ಎಷ್ಟಿವೆ ನೋಡಿ ಯಜಮಾನ್ರೇ."

ಬೊರಮ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. "ನಮ್ದೊಂದು ಬಿಟ್ಟು ಎಲ್ಲಾವೂ ಅದೇ."

"ಎಲ್ಲರೂ ಒಂದೇ ಹೆಸರು ಹಿಡಿದು ಕೂಗಿದ್ರೆ ಯಾರು ತಿರುಗಿ ನೋಡ್ತಾರೆ? ಮೇಲಾಗಿ ತೊಂಗ್ಯೊಂಗ್ ಅನ್ನೋದಕ್ಕೆ ಇಂಗ್ಲಿಷಲ್ಲಿ ಬಸ್ ನಿಲ್ದಾಣದ ಮೇಲೆ ಒಂದು ಸ್ಪೆಲ್ಲಿಂಗು, ಹಳೇ ಹೋಟೆಲಿನ ಮೇಲೆ ಇನ್ನೊಂದು."

"ಹಾಗಾದ್ರೆ ನನ್ನ ಹೆಸರೇ ಇಡೋಣ. ಬೊರಮ್."

"ಹುಡುಕಿ ನೋಡಿದೀನಿ. ನಿಮಗಿಂತ ಮುಂದೆ ಒಬ್ಬ ಹಲ್ಲಿನ ಡಾಕ್ಟರು, ಒಂದು ಡ್ರೈವಿಂಗ್ ಸ್ಕೂಲು, ಮೂರು ಶಿಶುವಿಹಾರ ಇವೆ. ನಿಮ್ಮ ತನಕ ಬರೋ ಹೊತ್ತಿಗೆ ಗಿರಾಕಿಯ ಹಲ್ಲು ಕಿತ್ತಾಗಿರುತ್ತೆ."

ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ನಕ್ಕಳು. ಆ ದಾರ ಅವಳ ಕೆಳತುಟಿಗೆ ಅಂಟಿಕೊಂಡಿತ್ತು. ನೀಲಿ ದಾರ. ಇನ್‌ಹೊ ಅದನ್ನು ಹೇಳಬೇಕೆಂದುಕೊಂಡ. ಹೇಳಿದರೆ ತೆಗೆದುಬಿಡುತ್ತಾಳೆಂದು ಸುಮ್ಮನಾದ.

"ಏನು ನೋಡ್ತಿದೀರಿ?"

"ಯೋಚಿಸ್ತಿದೀನಿ."

"ನನ್ನ ಮುಖದ ಮೇಲೆ ಬರ್ದಿದೆಯಾ ಹೆಸರು?"

"ಅಲ್ಲೇ ಎಲ್ಲೋ ಇದೆ."

ಮರುದಿನ ಬೊರಮ್ ಇನ್ನೊಂದು ಹೆಸರು ಸಿದ್ಧ ಮಾಡಿಟ್ಟಿದ್ದಳು. ಜನ ಕೌದಿ ಎಂದು ಹುಡುಕುವುದಿಲ್ಲ, ಅಮ್ಮನ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎಂದು ಹುಡುಕುತ್ತಾರೆ, ಎಂದು ಅವನೇ ಹೇಳಿಕೊಟ್ಟಿದ್ದ. ಅವಳು ಆ ಪಾಠವನ್ನು ಅಕ್ಷರಶಃ ಒಪ್ಪಿಸಿದಳು. "ಅಮ್ಮನ, ಅಡ್ಡಗೆರೆ, ಹುಟ್ಟುಹಬ್ಬಕ್ಕೆ, ಅಡ್ಡಗೆರೆ, ಬೆಚ್ಚಗಿನ, ಅಡ್ಡಗೆರೆ, ಕೌದಿ."

"ಇದನ್ನ ಫೋನಲ್ಲಿ ಹೇಳಿ ಮುಗಿಸೋ ಹೊತ್ತಿಗೆ ಅಮ್ಮನಿಗೆ ಮುಂದಿನ ಹುಟ್ಟುಹಬ್ಬ ಬಂದಿರುತ್ತೆ. ಹೆಸರು ಚಿಕ್ಕದಿರಬೇಕು ಯಜಮಾನ್ರೇ. ಆದಷ್ಟೂ ಚಿಕ್ಕದು. ಒಂದಕ್ಷರ ಜಾಸ್ತಿ ಆದ್ರೂ ಒಬ್ಬ ಗಿರಾಕಿ ದಾರಿ ತಪ್ತಾನೆ."

"ಎಲ್ಲದಕ್ಕೂ ನೀವು ತಪ್ಪು ಹುಡುಕ್ತೀರಿ."

"ನನಗೆ ಸಂಬಳ ಕೊಡೋದೇ ಹುಡುಕೋಕೆ."

ಪಕ್ಕದ ಅಂಗಡಿಯ ಮಾಲ್‌ಸುನ್ ಚಿಕ್ಕಮ್ಮ ಇದನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳದು ಮೀನಿನ ಸಾರಿನ ಹೋಟೆಲು. ಮಾಚಿಪತ್ರೆ ಚಿಗುರಿತೆಂದರೆ ಈ ಊರಿನಲ್ಲಿ ನಾಲಿಗೆಮೀನಿನ ಸಾರಿಗೆ ಅದನ್ನು ಹಾಕದೆ ವಸಂತ ಬಂದಂತಲ್ಲ. ಎರಡು ಬಟ್ಟಲು ಹಬೆಯಾಡುವ ಸಾರು ಹಿಡಿದು ಒಳಗೆ ಬಂದಳು.

"ಇಷ್ಟೊತ್ತಿಗೆ ಹೆತ್ತ ಕೂಸಿಗೂ ಹೆಸರಿಟ್ಟು ಅನ್ನ ಉಣಿಸಿರೋರು. ಹೆಸರಿಡೋ ಜೋಯಿಸರ ಹತ್ರ ಹೋಗ್ರೋ. ಅಕ್ಷರ ಬರೆಯೋಕೆ ಎಷ್ಟು ಗೆರೆ ಬೇಕು ಅಂತ ಎಣಿಸಿ ಒಂದೇ ದಿನಕ್ಕೆ ಕೊಡ್ತಾರೆ."

"ನಾನೂ ಅದೇ ಕೆಲಸ ಮಾಡ್ತಿರೋದು ಚಿಕ್ಕಮ್ಮ. ಅವರು ಗೆರೆ ಎಣಿಸ್ತಾರೆ, ನಾನು ಅಕ್ಷರ ಎಣಿಸ್ತೀನಿ."

"ಅವರು ಎಣಿಸಿ ಮುಗಿಸಿ ಮನೇಗೆ ಹೋಗ್ತಾರಪ್ಪ. ನೀನು ದಿನಾ ಬಂದು ಯಜಮಾನ್ರೇ ಯಜಮಾನ್ರೇ ಅಂತ ಇಲ್ಲೇ ಕೂತಿರ್ತೀಯ. ಯಾರಿಗೆ ಯಾರು ಯಜಮಾನ್ರು ಅಂತ ನಮಗೂ ಒಂದ್ಸಲ ಗೊತ್ತಾಗಲಿ."

ಬೊರಮ್ ಸಾರಿನ ಬಟ್ಟಲಿನೊಳಗೆ ಮುಖ ಹಾಕಿದಳು. ಇನ್‌ಹೊನ ಕನ್ನಡಕ ಹಬೆಯಿಂದ ಮಬ್ಬಾಯಿತು. ಅದನ್ನು ಒರೆಸಲು ಅವನು ಅವಸರವನ್ನೇನೂ ಮಾಡಲಿಲ್ಲ.

*

ಶುಕ್ರವಾರ ಲೆಕ್ಕ ಮುಚ್ಚುತ್ತೇವೆ, ಅಷ್ಟರಲ್ಲಿ ಹೆಸರು ಬೇಕು, ಎಂದು ಕೇಂದ್ರದಿಂದ ಫೋನ್ ಬಂತು.

ಶುಕ್ರವಾರ ಮಧ್ಯಾಹ್ನ ಇನ್‌ಹೊ ಸೂಟ್‌ಕೇಸಿನೊಂದಿಗೆ ಬಂದ. ಕೈಯಲ್ಲಿ ಒಂದು ಹೆಸರಿತ್ತು. ಅದರಲ್ಲಿ ಒಂದೂ ತಪ್ಪಿರಲಿಲ್ಲ.

"ನೂಬಿಗಿಲ್," ಎಂದ. "ಕೌದಿಯ ದಾರಿ. ಹುಡುಕೋ ಪದ ಮೊದಲೇ ಬರುತ್ತೆ. ಕೇಳಿದ ಹಾಗೇ ಬರೀಬಹುದು, ಬರೆದ ಹಾಗೇ ಓದಬಹುದು. ಅಡ್ಡಗೆರೆ ಇಲ್ಲ. ಯಾರೂ ತಗೊಂಡಿಲ್ಲ."

ಬೊರಮ್ ಆ ಹೆಸರನ್ನು ಬಟ್ಟೆಯ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ತೂತು ಸಿಗಲಿಲ್ಲ.

"ಚೆನ್ನಾಗಿದೆ," ಎಂದಳು.

"ಹೌದಲ್ವಾ," ಎಂದ ಅವನು, ಕಾಯಿಲೆ ಖಚಿತವಾಯಿತೆಂದು ತಿಳಿಸುವ ಡಾಕ್ಟರನ ದನಿಯಲ್ಲಿ.

"ಇದನ್ನಿಟ್ರೆ ಮೊದಲ ಪುಟಕ್ಕೆ ಬರ್ತೀನಾ?"

"ಸುಳ್ಳು ಹೇಳಲ್ಲ. ಹೆಸರು ಬಾಗಿಲಷ್ಟೇ. ಬಂದೋರು ಕೂತು, ನೋಡಿ, ಮತ್ತೆ ಬರಬೇಕು. ಮತ್ತೆ ಮತ್ತೆ ಬಂದ್ರೆ ತಾನಾಗೇ ಮೇಲೆ ಹೋಗ್ತೀರಿ."

"ಮತ್ತೆ ಬರೋದು ಮುಖ್ಯ ಅಂತೀರಿ."

"ಅದೇ ಮುಖ್ಯ."

ಇಬ್ಬರೂ ಒಂದು ಕ್ಷಣ ಕೀಬೋರ್ಡನ್ನು ನೋಡಿದರು. ಪಾಪ, ಅದೇನು ಮಾಡೀತು.

ಅವನು ಕೊನೆಯ ಏರ್ಪಾಡು ಮುಗಿಸಿದ. ಪರದೆಯ ಎಡಕ್ಕೆ ಡೊಮೈನ್ ಕೊಳ್ಳುವ ಪೆಟ್ಟಿಗೆ, ಬಲಕ್ಕೆ ಇಬ್ಬರೂ ಮಾತಾಡುವ ಚಾಟ್. ಕಾರ್ಡಿನ ವಿವರ ತುಂಬಿದ. ರಸೀದಿ ತನ್ನ ಮೇಲ್‌ಗೆ ಬಂದು ಕೇಂದ್ರಕ್ಕೆ ಹೋಗುವಂತೆ ಮಾಡಿದ. ಇವಳು ಮರೆಯುತ್ತಾಳೆಂದು, ಒಳ್ಳೆಯ ಉದ್ದೇಶದಿಂದಲೇ, ಬಲಗಡೆಯ ಗುಂಡಿ ಒತ್ತಿ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿಟ್ಟ.

"ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಅಷ್ಟೇ ಕೆಲಸ."

"ನೀವೇ ಒತ್ತಿ ಹೋಗಿ."

"ಅಂಗಡಿ ನಿಮ್ದು. ಅಲ್ದೆ ನಾನು ಇಲ್ಲೇ ನಿಂತಿದ್ರೆ ಇದ್ರಲ್ಲೂ ಒಂದು ತಪ್ಪು ಕಂಡುಹಿಡೀತೀನಿ."

ಬೊರಮ್ ಅವನಿಗೊಂದು ನೂಬಿಯ ಕನ್ನಡಕದ ಚೀಲ ಕೊಟ್ಟಳು. ನೀಲಿ ದಾರದ್ದು. ಅವನು ಅದನ್ನು ಸೂಟ್‌ಕೇಸಿಗೆ ಹಾಕದೆ ಎದೆಯ ಜೇಬಿಗೆ ಹಾಕಿಕೊಂಡ. ಬಾಗಿದ. ಅವಳೂ ಬಾಗಿದಳು. ಗಲ್ಲಿಯ ಕಲ್ಲುಗಳ ಮೇಲೆ ಚಕ್ರದ ಸದ್ದು ಸಾಗಿ, ಬಂದರಿನ ಗದ್ದಲದಲ್ಲಿ ಕಳೆದುಹೋಯಿತು.

ಸ್ವಲ್ಪ ಹೊತ್ತಿಗೆ ಚಾಟ್ ಟಿಂಗ್ ಎಂದಿತು. 'ಬಸ್ ನಿಲ್ದಾಣಕ್ಕೆ ಬಂದೆ. ಒತ್ತಿದ್ರಾ?'

ಈ ಚಾಟಿನಲ್ಲಿ ಬೊರಮ್‌ಗೆ ಒಂದು ಅಭ್ಯಾಸವಿತ್ತು. ಮನಸ್ಸಿನಲ್ಲಿರುವುದನ್ನು ಬರೆಯುವುದು, ಒಮ್ಮೆ ಓದಿಕೊಳ್ಳುವುದು, ಅಳಿಸುವುದು, ಆಮೇಲೆ 'ಸರಿ ಮೇಷ್ಟ್ರೇ' ಎಂದು ಕಳಿಸುವುದು. ಚಳಿಗಾಲವೆಲ್ಲ ಹೀಗೇ ನಡೆದಿತ್ತು. ಈಗಲೂ ಬೆರಳು ನೋಡುತ್ತ, ಒಂದೊಂದು ಕೊರಿಯನ್ ಅಕ್ಷರಕ್ಕೆ ಎರಡೆರಡು ಗುಂಡಿ ಒತ್ತಿ ಬರೆದಳು. ಗ. ಜಿ. ಮಾ. ಹೋಗಬೇಡ.

ಅಳಿಸುವ ಉದ್ದೇಶವೇ ಇತ್ತೆಂದು ಅವಳು ಇವತ್ತಿಗೂ ಹೇಳುತ್ತಾಳೆ. ಬೆರಳು ಮಾತ್ರ ಎಂಟರ್ ಒತ್ತಿತು.

ತಲೆಯೆತ್ತಿದಳು. ಚಾಟಿನಲ್ಲಿ ಅವಳು ಬರೆದದ್ದು ಇರಲಿಲ್ಲ. ಇನ್‌ಹೊ ಕರ್ಸರ್ ಇಟ್ಟುಹೋಗಿದ್ದ ಎಡಗಡೆಯ ಪೆಟ್ಟಿಗೆಯಲ್ಲಿ ಆರ್, ಕೆ, ಡಬ್ಲ್ಯು, ಎಲ್, ಎ, ಕೆ ಎಂಬ ಆರು ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಕೆಳಗೆ ಹಸಿರು ಬಣ್ಣದಲ್ಲಿ ಹೀಗಿತ್ತು: 'ಅಭಿನಂದನೆಗಳು! ಈ ಹೆಸರು ಈಗ ನಿಮ್ಮದು. ರಸೀದಿಯನ್ನು ಕಳುಹಿಸಲಾಗಿದೆ.'

ಯಾರಿಗೆ ಕಳುಹಿಸಲಾಗಿದೆ ಎಂಬುದು ನೆನಪಾದ ಕೂಡಲೇ ಬೊರಮ್ ಬರಿಗಾಲಲ್ಲಿ ಪಕ್ಕದ ಹೋಟೆಲಿಗೆ ಓಡಿದಳು.

"ಚಿಕ್ಕಮ್ಮ, ಏನೋ ಕೊಂಡ್ಬಿಟ್ಟೆ!"

"ಏನೇ ಕೊಂಡೆ?"

"'ಹೋಗಬೇಡ' ಅಂತ ಕೊಂಡ್ಬಿಟ್ಟೆ. ಆ ಮನುಷ್ಯನಿಗೆ ರಸೀದಿ ಹೋಗಿದೆ!"

ಚಿಕ್ಕಮ್ಮ ಮೀನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಎಷ್ಟು ದಿನಕ್ಕೆ?"

"ಒಂದು ವರ್ಷಕ್ಕೆ."

"ಒಂದೇ ವರ್ಷಕ್ಕಾ? ಥೂ, ಅವಸರಗೇಡಿ. ಇಂಥದನ್ನೆಲ್ಲ ಕೂತು ಚೌಕಾಸಿ ಮಾಡಿ ಕೊಳ್ಳಬೇಕು."

ಬೊರಮ್ ಅಂಗಡಿಗೆ ಮರಳಿ ಕೂತಳು. ಚಾಟಿನಲ್ಲಿ ಸದ್ದಿಲ್ಲ. ಸೋಲ್ ಬಸ್ಸು ಹೊರಡುವ ಹೊತ್ತಾಯಿತು, ಹೊರಟೂ ಇರಬೇಕು. ಸೂಜಿ ಹಿಡಿದಳು. ಅಕ್ಕಿಕಾಳಿನಷ್ಟು ಬರಬೇಕಾದ ಹೊಲಿಗೆ ಹುರುಳಿಯಷ್ಟು ಬಂತು, ಅವರೆಯಷ್ಟು ಬಂತು. ಬಿಚ್ಚಿದಳು. ಹಾಕಿದಳು. ಬಿಚ್ಚಿದಳು.

ಆಗ ಕಲ್ಲಿನ ಮೇಲೆ ಚಕ್ರದ ಸದ್ದು ಕೇಳಿಸಿತು.

*

ಇನ್‌ಹೊ ಬಾಗಿಲಲ್ಲಿ ನಿಂತಿದ್ದ. ಓಡಿ ಬಂದಿದ್ದ, ಆದರೆ ಓಡಿ ಬಂದಿಲ್ಲವೆಂಬ ಮುಖ ಹಾಕಿಕೊಂಡಿದ್ದ.

"ಯಜಮಾನ್ರೇ, ನೀವು ಕೊಂಡ ಹೆಸರಿನ ಬಗ್ಗೆ ನನ್ನ ವರದಿ ಒಂದು ಬಾಕಿ ಇದೆ."

"ಹೇಳಿ," ಎಂದಳು ಬೊರಮ್, ಬೆರಳು ನೋಡುತ್ತ.

"ಆರಕ್ಷರ, ಅಡ್ಡಗೆರೆ ಇಲ್ಲ. ಅಷ್ಟು ಒಳ್ಳೇದು. ಇನ್ನು ಮಿಕ್ಕಿದ್ದು. ಸ್ವರ ಇರೋದು ಒಂದೇ. ಯಾವ ದೇಶದೋರೂ ಇದನ್ನ ಬಾಯಲ್ಲಿ ಹೇಳಲಾರರು. ಕೌದಿ ಮಾರ್ತೀರೋ ಕಬ್ಬಿಣ ಮಾರ್ತೀರೋ ಗೊತ್ತಾಗಲ್ಲ. ಲೋಕದಲ್ಲಿ ಒಬ್ಬರೂ ಇದನ್ನ ಹುಡುಕಲ್ಲ."

"ಒಬ್ಬರೂ?"

"ಒಬ್ಬ ಹುಡುಕ್ತಿದ್ದ. ಚಳಿಗಾಲದಿಂದ."

ಸೂಜಿ ನಿಂತಿತು.

"ಇನ್ನೊಂದು ತಕರಾರಿದೆ," ಎಂದ ಇನ್‌ಹೊ. ಅವನ ದನಿ ಈಗ ಅಷ್ಟು ವರದಿಯಂತಿರಲಿಲ್ಲ. "ಇಷ್ಟು ದಿನ 'ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ ಮೇಷ್ಟ್ರೇ' ಅಂತಿದ್ರಿ. ಇದ್ರಲ್ಲಿ 'ಹೋಗಬೇಡಿ' ಅಂತಿಲ್ಲ. 'ಹೋಗಬೇಡ' ಅಂತಿದೆ."

ಬೊರಮ್ ಮೊದಲ ಸಲ ಬೆರಳು ಬಿಟ್ಟು ಅವನ ಮುಖ ನೋಡಿದಳು.

"'ಹೋಗಬೇಡಿ' ಅಂದ್ರೆ ಅಕ್ಷರ ಜಾಸ್ತಿ ಆಗುತ್ತೆ. ಚಿಕ್ಕದಿರಬೇಕು ಅಂದೋರು ನೀವೇ. ಒಂದಕ್ಷರ ಜಾಸ್ತಿ ಆದ್ರೂ ಒಬ್ಬ ದಾರಿ ತಪ್ತಾನೆ ಅಂತ."

ಅವನು ನಕ್ಕ. ಕನ್ನಡಕ ತೆಗೆದ, ನೀಲಿ ದಾರದ ಚೀಲದಿಂದಲೇ ಒರೆಸಿದ, ಮತ್ತೆ ಹಾಕಿಕೊಂಡ. ಇವಳು ಇನ್ನೂ ಅವನನ್ನೇ ನೋಡುತ್ತಿದ್ದಳು.

"ಬಸ್ಸು?" ಎಂದು ಕೇಳಿದಳು.

"ಹೋಯ್ತು."

"ಸೋಲ್‌ನ ಕುರ್ಚಿ?"

"ಫೋನ್ ಮಾಡ್ದೆ. ಇಲ್ಲಿಂದ್ಲೇ ಕೆಲಸ ಮಾಡ್ತೀನಿ, ವಾರಕ್ಕೊಂದ್ಸಲ ಬಂದು ಮುಖ ತೋರಿಸ್ತೀನಿ ಅಂದೆ. ಗೊಣಗಿದ್ರು. ಒಪ್ಪಿದ್ರು." ಅವನು ಫೋನನ್ನು ಅವಳತ್ತ ಚಾಚಿದ. "ನಿಲ್ದಾಣದಲ್ಲಿ ಕೂತು ನಾನೂ ಒಂದು ಹೆಸರು ಕೊಂಡೆ. ರಸೀದಿ ನೋಡಿ."

ಡಿ, ಕೆ, ಎಸ್, ಆರ್, ಕೆ.

ಬೊರಮ್ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಈ ಸಲ ಬಲಗಡೆಯ ಗುಂಡಿಯನ್ನು ಮರೆಯದೆ ಒತ್ತಿದಳು. ರಸೀದಿಯಲ್ಲಿದ್ದ ಒಂದೊಂದೇ ಅಕ್ಷರ ಹುಡುಕಿ ಬೆರಳಿಟ್ಟಳು. ಪರದೆಯ ಮೇಲೆ ಎರಡು ಕೊರಿಯನ್ ಅಕ್ಷರ ಮೂಡಿದವು. ಆನ್. ಗ.

ಹೋಗಲ್ಲ.

"ಐದೇ ಅಕ್ಷರ," ಎಂದ ಇನ್‌ಹೊ ಮೆಲ್ಲಗೆ. "ನಿನ್ನದಕ್ಕಿಂತ ಒಂದು ಕಡಿಮೆ."

'ನಿಮ್ಮದು' ಎನ್ನಲಿಲ್ಲ. ಅದನ್ನು ಅವಳು ಗಮನಿಸಿದಳು. ಗಮನಿಸಿದ್ದನ್ನು ಅವನೂ ಗಮನಿಸಿದ. ಅವನ ಕೋಟಿನ ತೋಳನ್ನು ಅವಳು ಬೆರಳ ತುದಿಯಲ್ಲಿ ಹಿಡಿದುಕೊಂಡಳು, ಬಟ್ಟೆಯ ಗುಣ ಪರೀಕ್ಷಿಸುವವಳಂತೆ. ಪರೀಕ್ಷೆ ಮುಗಿದ ಮೇಲೂ ಬಿಡಲಿಲ್ಲ.

"ಎಷ್ಟು ವರ್ಷಕ್ಕೋ ಕೊಂಡೆ?" ಬಾಗಿಲಲ್ಲಿ ಮಾಲ್‌ಸುನ್ ಚಿಕ್ಕಮ್ಮ, ಕೈಯಲ್ಲಿ ಮೀನಿನ ಚಾಕು.

"ಹತ್ತು ವರ್ಷಕ್ಕೆ ಚಿಕ್ಕಮ್ಮ. ಅದಕ್ಕಿಂತ ಜಾಸ್ತಿ ಕೇಳಿದ್ರೂ ಅವರು ಕೊಡಲ್ಲ."

"ನೋಡೇ," ಎಂದಳು ಚಿಕ್ಕಮ್ಮ ಬೊರಮ್‌ಗೆ. "ವ್ಯಾಪಾರ ಅಂದ್ರೆ ಇದು." ಸಾರಿಗೆ ಇನ್ನೊಂದು ಹಿಡಿ ಮಾಚಿಪತ್ರೆ ಹಾಕಲು ಹೊರಟುಹೋದಳು.

ಕೇಂದ್ರದವರು ಲೆಕ್ಕ ಮುಚ್ಚುವ ಮೊದಲೇ ನೂಬಿಗಿಲ್ ನೋಂದಣಿಯಾಯಿತು. ಹೆಸರು ಅವಳು ಬರೆದಳು, ಎಂಟರ್ ಅವನು ಒತ್ತಿದ. ಅಂಗಡಿ ಈಗ ಎರಡನೆಯ ಪುಟಕ್ಕೆ ಬಂದಿದೆ. ಅಮ್ಮಂದಿರ ಹುಟ್ಟುಹಬ್ಬ ಹೆಚ್ಚಿರುವ ತಿಂಗಳುಗಳಲ್ಲಿ ಮೊದಲ ಪುಟದ ಕೆಳತುದಿಯಲ್ಲೂ ಕಾಣುತ್ತದೆ. ಉಳಿದೆರಡು ಹೆಸರನ್ನು ಇಬ್ಬರೂ ಬಿಟ್ಟುಕೊಟ್ಟಿಲ್ಲ. ಐದಕ್ಷರದ ವಿಳಾಸಕ್ಕೆ ಹೋದರೆ ಅದು ನಿಮ್ಮನ್ನು ಆರಕ್ಷರದ ವಿಳಾಸಕ್ಕೆ ಕಳಿಸುತ್ತದೆ, ಅದು ಅಂಗಡಿಗೆ ಕಳಿಸುತ್ತದೆ. ಆ ದಾರಿಯಲ್ಲಿ ದಿನಕ್ಕೆ ಇಬ್ಬರು ಬರುತ್ತಾರೆ. ಇಬ್ಬರೂ ಆಗ ಅಂಗಡಿಯೊಳಗೇ ಕೂತಿರುತ್ತಾರೆ.