ಆರೋಗ್ಯವಂತ ದಾನಿ

ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಹುಡುಗ ಇಮ್ಯುನಾಲಜಿ ಎಂ.ಎಸ್ಸಿ.ಗೆ ಸೇರಿದ್ದೇ ಒಂದು ತಮಾಷೆ. ಲ್ಯಾಬಿನಲ್ಲಿ ಅವನಿಗೆ ‘ಪುಕ್ಕಲ’ ಎಂದು ನಾಮಕರಣವಾಗಲು ಒಂದು ವಾರವೂ ಹಿಡಿಯಲಿಲ್ಲ. ಅಂಥವನು ಪ್ರತಿ ಸೋಮವಾರ ತಾನಾಗಿಯೇ ಅಂಗಿಯ ತೋಳು ಮಡಚಿ ರಕ್ತ ಕೊಡಲು ಕೂರುತ್ತಿದ್ದನೆಂದರೆ, ಸೂಜಿ ಹಿಡಿದ ಕೈಯಲ್ಲೇ ಏನೋ ವಿಶೇಷವಿರಬೇಕು.

ಆ ಕೈ ಅವನ ಸಹಪಾಠಿಯದು. ಶಿಸ್ತು ಜಾಸ್ತಿಯೆಂದು ಎಲ್ಲರೂ ಅವಳನ್ನು ‘ಹೆಡ್‌ಮಿಸ್’ ಅನ್ನುತ್ತಿದ್ದರು. ಆರೋಗ್ಯವಂತರ ರಕ್ತದಿಂದ ರೋಗನಿರೋಧಕ ಕಣಗಳನ್ನು ಬೇರ್ಪಡಿಸಿ, ಕ್ಯಾನ್ಸರನ್ನು ಗುರುತಿಸಿ ಕೊಲ್ಲುವ ಪಾಠವನ್ನು ಅವಕ್ಕೆ ಹೇಳಿಕೊಡುವುದು ಅವಳ ಪ್ರಾಜೆಕ್ಟ್. ಪಾಠ ಕಲಿತ ಕಣಗಳು ಕ್ಯಾನ್ಸರಿನ ಮೇಲೆ ಬೀಳಬೇಕು. ಕಲಿಯದವು ಪಕ್ಕದ ತಟ್ಟೆಯಲ್ಲಿ ಕ್ಯಾನ್ಸರ್ ಎದುರಿಗಿದ್ದರೂ ತೆಪ್ಪಗೆ ಕೂತಿರಬೇಕು. ಆಗಲೇ ಪಾಠ ಫಲ ಕೊಟ್ಟಿತೆನ್ನಲು ಸಾಧ್ಯ.

“ಈ ಕಡೆ ನೋಡಬೇಡ. ಕಿಟಕಿ ನೋಡು.”

“ಕಿಟಕೀಲಿ ಏನಿದೆ?”

“ಇಲ್ಲಿ ಏನಿದೆ?”

ಇಲ್ಲಿ ಮಾಸ್ಕಿನ ಮೇಲಂಚಿನಲ್ಲಿ ಎರಡು ಕಣ್ಣುಗಳಿದ್ದವು. ರಕ್ತನಾಳ ಸಿಕ್ಕ ಕ್ಷಣ ಅವು ಸಣ್ಣಗೆ ನಗುತ್ತಿದ್ದವು. ಆ ನಗುವಿಗಾಗಿ ಪುಕ್ಕಲ ಬಕೆಟ್ಟುಗಟ್ಟಲೆ ರಕ್ತ ಕೊಡಲೂ ತಯಾರಿದ್ದ.

ಹೆಡ್‌ಮಿಸ್ ಕೈ ಕುದುರಲೆಂದು ಮಾಡುತ್ತಿದ್ದ ಅಭ್ಯಾಸ ಮುಗಿದು ಅಸಲಿ ಪ್ರಯೋಗ ಶುರುವಾಗಬೇಕಿದ್ದ ಸೋಮವಾರವೇ ಅವನಿಗೆ ಜ್ವರ ಬಂತು.

“ಮೈ ಕೆಂಡ ಆಗಿದೆ, ಎಲ್ಲಿಗೋ ಹೊರಟೆ?” ಎಂದು ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

ಜ್ವರವಿದ್ದವರ ರಕ್ತ ತೆಗೆದುಕೊಳ್ಳುವಂತಿಲ್ಲ. ಆದರೆ ಪಕ್ಕದ ಲ್ಯಾಬಿನ ಜಿಮ್ ಹೀರೋ ಹಗ್ಗದಂಥ ನಾಳಗಳನ್ನು ಪ್ರದರ್ಶಿಸುತ್ತಾ, “ಯಾವಾಗ ಬೇಕಾದ್ರೂ ಕರಿ” ಎಂದು ಅವಳಿಗೆ ಹೇಳಿ ಹೋಗಿದ್ದ. ಪುಕ್ಕಲ ಮಾತ್ರೆ ನುಂಗಿ, ಅಕ್ಕನ ಕಣ್ಣು ತಪ್ಪಿಸಿ ಓಡಿದ.

“ಜ್ವರ, ನೆಗಡಿ?” ಎಂದು ಹೆಡ್‌ಮಿಸ್ ಎಂದಿನಂತೆ ಕೇಳಿದಳು.

“ಕಲ್ಲುಗುಂಡು ಇದ್ದ ಹಾಗಿದ್ದೀನಿ.”

ಮುಂದಿನ ಸೋಮವಾರಗಳಲ್ಲೂ ಅದೇ ಕಲ್ಲುಗುಂಡು ಕೆಮ್ಮು ನುಂಗಿಕೊಂಡು ಬಂದು ಕೂತಿತು.

ತಟ್ಟೆಯಲ್ಲಿ ಅನಾಹುತವಾಯಿತು. ಪಾಠ ಕಲಿಯದ ಕಣಗಳೂ ಕಂಡಕಂಡದ್ದರ ಮೇಲೆ ಬಿದ್ದು ಹೊಡೆದಾಡಿದವು. ಪ್ರತಿ ಸಲವೂ ಅದೇ ಕಥೆ. ಕೊನೆಗೊಂದು ಮಧ್ಯಾಹ್ನ ಹೆಡ್‌ಮಿಸ್ ಅತ್ತು ಕಣ್ಣು ಕೆಂಪಾಗಿಸಿಕೊಂಡು, ಕೈಗವಸನ್ನೂ ಕಳಚದೆ ಗೈಡ್ ಮೇಡಂ ಕೋಣೆಯತ್ತ ಹೊರಟಳು.

“ನನ್ನ ವಿಧಾನವೇ ತಪ್ಪು ಕಣೋ. ಪ್ರಾಜೆಕ್ಟ್ ಬಿಡ್ತೀನಿ ಅಂತ ಹೇಳಿಬಿಡ್ತೀನಿ.”

ಬಾಯಿ ಮುಚ್ಚಿಕೊಂಡಿದ್ದರೆ ಅವಳ ವರ್ಷದ ದುಡಿಮೆ ನೀರುಪಾಲು. ಬಾಯಿ ಬಿಟ್ಟರೆ ತನ್ನ ಸೋಮವಾರಗಳು ನೀರುಪಾಲು. ಅವಳು ಬಾಗಿಲು ತಟ್ಟುವಷ್ಟರಲ್ಲಿ ಪುಕ್ಕಲ ಓಡಿಹೋಗಿ ಅಡ್ಡ ನಿಂತ.

“ತಪ್ಪು ನಿನ್ನದಲ್ಲ. ನಂಗೆ ಜ್ವರ ಇತ್ತು. ಆಮೇಲೆ ಕೆಮ್ಮು...” ಎಂದವನೇ ಇಷ್ಟು ದಿನ ತಡೆದಿಟ್ಟ ಕೆಮ್ಮನ್ನೆಲ್ಲ ಒಟ್ಟಿಗೇ ಕೆಮ್ಮಿದ.

ಅವಳಿಗೆ ಎಲ್ಲ ಅರ್ಥವಾಯಿತು. ವೈರಸ್ಸಿನೊಡನೆ ಗುದ್ದಾಡುತ್ತಿದ್ದ ಕಣಗಳು ಅದೇ ಹುಮ್ಮಸ್ಸಿನಲ್ಲಿ ತಟ್ಟೆಗೆ ಬಂದಿದ್ದವು. ಅವಳ ವಿಧಾನ ಸರಿಯಾಗಿಯೇ ಇತ್ತು.

“ಇಮ್ಯುನಾಲಜಿ ಓದ್ತೀಯಾ ನೀನು? ನಾನಿಲ್ಲಿ ಊಟ ನಿದ್ದೆ ಬಿಟ್ಟು ಸಾಯ್ತಿದ್ದೆ! ಯಾಕೆ ಸುಳ್ಳು ಹೇಳ್ದೆ?”

“ನಿಜ ಹೇಳಿದ್ರೆ ಜಿಮ್ ಹೀರೋನ ಕರೀತಿದ್ದೆ.”

“ಕರೆದ್ರೆ ನಿಂಗೇನು?”

“ಸೋಮವಾರ ಬಿಟ್ರೆ ನೀನು ನನ್ನ ಕೈ ಹಿಡಿಯೋದು ಇನ್ಯಾವಾಗ? ನೀನಂದ್ರೆ ನಂಗೆ ತುಂಬಾ ಇಷ್ಟ. ಸೂಜಿಗಿಂತ ಜಾಸ್ತಿ ಭಯಾನೂ ಇದೆ.”

ಬಾಗಿಲು ತೆರೆಯಿತು. “ಒಳಗೆ ಬರ್ತೀರಾ, ಇಲ್ಲೇ ಮುಗಿಸಿಕೊಳ್ತೀರಾ?” ಅಂದರು ಮೇಡಂ.

ಹೆಡ್‌ಮಿಸ್ ಒಬ್ಬಳೇ ಒಳಗೆ ಹೋದಳು. ಅವಳು ಹೊರಬರುವವರೆಗೆ ಪುಕ್ಕಲ ಬಾಗಿಲ ಮುಂದೆಯೇ ಕೆಮ್ಮುತ್ತಾ ಕಾದ.

“ಪ್ರಾಜೆಕ್ಟ್ ಉಳೀತು. ಹೊಸ ದಾನಿ ಹುಡುಕಬೇಕು. ಜಿಮ್ ಹೀರೋಗೆ ಹೇಳ್ತೀನಿ.”

ಪುಕ್ಕಲನ ಮುಖ ಇಂಗು ತಿಂದ ಮಂಗನಂತಾಯಿತು. “ಕೆಮ್ಮು ಹೋದ್ಮೇಲೆ ನಾನೇ ಬರ್ತೀನಲ್ಲ...”

“ನಿನ್ನ ರಕ್ತ ಇನ್ನು ಯಾವತ್ತೂ ತಗೊಳ್ಳೋ ಹಾಗಿಲ್ಲ. ಸ್ವಂತದವರ ರಕ್ತ ಪ್ರಯೋಗಕ್ಕೆ ಬೇಡ ಅಂತ ಮೇಡಂ ರೂಲ್.”

“ನಾನು ನಿಂಗೆ ಸ್ವಂತದವನಲ್ವಲ್ಲ?” ಎಂದ ಪೆದ್ದ.

ಅವಳು ಕೈಗವಸು ಕಳಚಿ ಬರಿಗೈಯನ್ನು ಅವನ ಹಣೆಯ ಮೇಲಿಟ್ಟಳು.

“ಜ್ವರ ಬಿಟ್ಟಿದೆ. ಹಾಗಾದ್ರೆ ಈ ದಡ್ಡತನ ಹುಟ್ಟುಗುಣ, ಸುಟ್ಟರೂ ಹೋಗಲ್ಲ,” ಅಂದಳು. ಕೈ ಮಾತ್ರ ತೆಗೆಯಲಿಲ್ಲ.