ಗುಡ್ಡದ ಗಾಜಿನ ಗೋಡೆ

ಸೋಮವಾರ ಬೆಳಿಗ್ಗೆ ಕಮಲಾಪುರ ಠಾಣೆಗೆ ದೂರು ಬಂತು. ಊರಾಚೆಯ ಗುಡ್ಡದ ಮೇಲಿನ ಮಣ್ಣು ಸಂಶೋಧನಾ ಕೇಂದ್ರದ ಗಾಜಿನ ಗೋಡೆಯನ್ನು ಭಾನುವಾರ ಯಾರೋ ಒಡೆದಿದ್ದರು. ನಿರ್ದೇಶಕ ವಿವೇಕಾನಂದರು ಕುರ್ಚಿಯಲ್ಲಿ ಕೂರಲೇ ಇಲ್ಲ.

"ಪ್ರಶಸ್ತಿ ಬಂದ ಕಟ್ಟಡ ಅದ ಮೇಡಂ. ಪುಂಡರದೇ ಕೆಲಸ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಸುಜಾತಾ, ಕಾನ್‌ಸ್ಟೆಬಲ್ ಯಶವಂತನೊಂದಿಗೆ ಗುಡ್ಡ ಹತ್ತಿದರು. ಬಣ್ಣವಿಲ್ಲದ ಬರೀ ಕಾಂಕ್ರೀಟಿನ ಕಟ್ಟಡ ಬಂಡೆಗಳ ನಡುವೆ ತಗ್ಗಾಗಿ ನಿಂತಿತ್ತು. ಪಶ್ಚಿಮಕ್ಕೆ ಉದ್ದಕ್ಕೂ ಗಾಜು. ಒಡೆಯದೆ ಉಳಿದ ಗಾಜಿನಲ್ಲಿ ಆಕಾಶ, ಜಾಲಿಮರ ಎಷ್ಟು ನಿಚ್ಚಳವಾಗಿದ್ದವೆಂದರೆ, ಗೋಡೆ ಎಲ್ಲಿ ಶುರುವಾಗುತ್ತದೆಂದು ಸುಜಾತಾಗೆ ತಟ್ಟನೆ ತಿಳಿಯಲಿಲ್ಲ.

ಪಂಚನಾಮೆಯಲ್ಲಿ ಎಸೆದ ಕಲ್ಲು ಒಂದೂ ಸಿಗಲಿಲ್ಲ. ಚೌಕಟ್ಟಿನ ಕೆಳಮೂಲೆಗಳಲ್ಲಿ ಸುತ್ತಿಗೆ ಏಟಿನ ಗುರುತುಗಳಿದ್ದವು. ಒಳಗಿನ ಯಂತ್ರಗಳನ್ನು ದೂರ ಸರಿಸಿ ತಾಡಪತ್ರಿ ಹೊದಿಸಲಾಗಿತ್ತು.

"ಪುಂಡರು ಮಷೀನ್ ಮುಚ್ಚಿಟ್ಟು ಒಡೀತಾರೇನ್ರೀ?" ಎಂದ ಯಶವಂತ, ಗೋಡೆಯ ಬುಡದ ಪೊದೆ ಸರಿಸಿದ. ಸತ್ತ ಹಕ್ಕಿಗಳು. ಹಲವು ಒಣಗಿದ್ದವು, ಒಂದು ಬುಲ್‌ಬುಲ್ ಇನ್ನೂ ಮೆತ್ತಗಿತ್ತು.

ಕಾವಲುಗಾರ ಗುಂಡಣ್ಣನನ್ನು ಕರೆಸಿದರು.

"ನಿನ್ನೆ ಯಾರು ಬಂದಿದ್ರು?"

"ಹೊರಗಿನವರು ಯಾರೂ ಬಂದಿಲ್ರೀ."

"ಮತ್ತ ಯಾರು ಬಂದಿದ್ರು?"

ಗುಂಡಣ್ಣ ತಡವರಿಸಿದ. "ಕಟ್ಟಡದ ನಕ್ಷೆ ಮಾಡಿದ ಪ್ರಬುದ್ಧ ಸಾಹೇಬ್ರು. ನಾ ಇರ್ತೀನಿ, ನೀ ಊಟಕ್ಕ ಹೋಗು ಅಂದ್ರು. ಅವರಿಗೆ ಬ್ಯಾಡ ಅನ್ನಾಕ ಆಗ್ತದೇನ್ರೀ?"

ಮಧ್ಯಾಹ್ನ ಜೀಪು ಕಲಬುರಗಿಗೆ ಹೊರಟಿತು. ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ಸಿಕ್ಕಿ ಸುಜಾತಾ ಚಡಪಡಿಸಿದರು. ಬ್ರಹ್ಮಪುರದ ಮನೆಯ ಬಾಗಿಲನ್ನು ಪ್ರಬುದ್ಧರೇ ತೆರೆದರು. ಬಲಗೈಗೆ ಪಟ್ಟಿ ಕಟ್ಟಿತ್ತು.

"ನೀವೇ ಒಡೆದ್ರೇನು?"

"ಹೌದ್ರೀ."

"ಯಾಕ?"

"ಗುಡ್ಡದಾಗ ಕಟ್ಟಡ ಕಾಣಬಾರದು ಅಂತ ನಾನೇ ಆ ಗಾಜು ಹಾಕ್ಸಿದ್ದೆ. ಹಕ್ಕಿಗೂ ಕಾಣಲಿಲ್ಲ. ಹಕ್ಕಿಗೆ ಕಾಣೋಹಂಗ ಗಾಜಿಗೆ ಚುಕ್ಕಿ ಹಾಳೆ ಅಂಟಸ್ರಿ ಅಂತ ಡೈರೆಕ್ಟರಿಗೆ ಎಷ್ಟೋ ಸಲ ಹೇಳ್ದೆ, ಅಂದ ಕೆಡ್ತದ ಅಂದ್ರು. ನಿನ್ನೆ ಆ ಗಾಜು ಮತ್ತೊಮ್ಮೆ ನೋಡೋಣ ಅಂತ ಹೋಗಿದ್ದೆ. ಕಣ್ಮುಂದೇ ಒಂದು ಬುಲ್‌ಬುಲ್ ಬಂದು ಬಡೀತು. ಕೈಯಾಗ ತಗೊಂಡೆ, ಸ್ವಲ್ಪ ಹೊತ್ತು ಉಸಿರಿತ್ತು..."

ಬಂಧನದ ವಿಷಯ ತಿಳಿಸಿ ಸುಜಾತಾ, ಪ್ರಬುದ್ಧರನ್ನು ಜೀಪಿಗೆ ಹತ್ತಿಸಿದರು.

ಊರು ದಾಟಿದ ಮೇಲೆ ಪ್ರಬುದ್ಧ ಕೇಳಿದರು, "ಅಲ್ಲಿ ಈಗ ಏನ್ ಹಾಕ್ತಾರ್ರೀ?"

ನಿರ್ದೇಶಕರು ಬೆಳಿಗ್ಗೆ ಠಾಣೆಯಿಂದಲೇ ಫೋನು ಮಾಡಿದ್ದನ್ನು ಸುಜಾತಾ ಕೇಳಿಸಿಕೊಂಡಿದ್ದರು.

"ಅದೇ ಗಾಜು. ಆರ್ಡರ್ ಆಗ್ಯದ."

ಕಮಲಾಪುರ ಬರುವವರೆಗೂ ಪ್ರಬುದ್ಧ ಗಾಯದ ಕೈಯ ಬೆರಳುಗಳನ್ನು ಬಿಚ್ಚುತ್ತಾ ಮಡಚುತ್ತಾ ಕುಳಿತಿದ್ದರು.