ನಿಂಬೆಯ ಕಲೆ ಇಲ್ಲದ ಚಾಕು

ಭರಮವ್ವ ಕುಲುಮೆಯ ಬಾಗಿಲಿಗೆ ಬಂದು ನಿಂತಾಗ ಹಾಲೇಶ ತಿದಿ ಒತ್ತುವುದನ್ನು ನಿಲ್ಲಿಸಿದ. ಹದಿನಾಲ್ಕು ತಿಂಗಳಿಂದ ಆಕೆ ಆ ಓಣಿಗೆ ಕಾಲಿಟ್ಟಿರಲಿಲ್ಲ. ಮದಗದ ಕೆರೆಯಲ್ಲಿ ದೋಣಿ ಮಗುಚಿ ಹಾಲೇಶನ ಮೊಮ್ಮಗಳು ವಿದ್ಯಾಶ್ರೀ ನೀರುಪಾಲಾದಾಗ, ಆ ದೋಣಿಯ ಹುಟ್ಟು ಹಾಕುತ್ತಿದ್ದವನು ಭರಮವ್ವನ ಮಗ ಹುಲಗೇಶ. ಏಳು ವರ್ಷದ ಹುಡುಗಿ. ಆರು ಮಂದಿ ಹಿಡಿಸುವ ದೋಣಿಗೆ ಹನ್ನೊಂದು ಮಂದಿಯನ್ನು ಹತ್ತಿಸಿದವನು ಪ್ರಶಾಂತ; ಕೆರೆಯ ದಂಡೆಯಲ್ಲಿ ಡೇರೆ ಹೊಡೆದು ಪೇಟೆ ಮಂದಿಗೆ ಬಾಡಿಗೆಗೆ ಕೊಡುತ್ತಿದ್ದವನು. ಪೊಲೀಸರು ಅದೊಂದು ಆಕಸ್ಮಿಕ ಎಂದು ಬರೆದು ಮುಗಿಸಿದ್ದರು.

ಈಗ ಆ ಪ್ರಶಾಂತನೂ ಇರಲಿಲ್ಲ. ಮೂರು ದಿನದ ಹಿಂದೆ ಮುಂಜಾನೆ ತನ್ನ ಡೇರೆಯಲ್ಲೇ ಎದೆಗೆ ಚಾಕು ನಟ್ಟು ಸತ್ತುಬಿದ್ದಿದ್ದ. ಚಾಕು ಅಲ್ಲೇ ಕೆಲಸಕ್ಕಿದ್ದ ಹುಲಗೇಶನದೆಂದು ಡೇರೆಯ ಆಳುಗಳೆಲ್ಲ ಗುರುತು ಹೇಳಿದ್ದರು. ಹುಲಗೇಶ ಲಾಕಪ್ಪಿನಲ್ಲಿದ್ದ.

ಮಾಸೂರಿನಲ್ಲಿ ಎತ್ತು ಕಳೆದರೂ, ಬೀಗ ಒಡೆದರೂ ಮಂದಿ ಮೊದಲು ಬರುತ್ತಿದ್ದದ್ದು ಕಮ್ಮಾರ ಮಲ್ಲೇಶಪ್ಪನ ಹತ್ತಿರ. ಎರಡನೇ ಇಯತ್ತೆಗೆ ಸಾಲೆ ಬಿಟ್ಟ ಮುದುಕ. ಉಳಿದವರು ಕಾಗದ ಓದಿದ ಹಾಗೆ ಅವನು ಕಬ್ಬಿಣ ಓದುತ್ತಿದ್ದ. ಹಾಲೇಶ ನಲವತ್ತು ವರ್ಷದಿಂದ ಅವನ ತಿದಿ ಒತ್ತಿದವನು, ಅವನ ಹಿಂದೆ ಊರೂರು ತಿರುಗಿದವನು.

"ಹಾಲೇಶಣ್ಣ, ನಿನ್ನ ಮುಂದ ಬಂದು ಕೇಳಾಕ ನನಗ ಮಾರಿ ಇಲ್ಲ" ಎಂದಳು ಭರಮವ್ವ. "ಆದ್ರ ಮತ್ತೆಲ್ಲಿಗೆ ಹೋಗ್ಲಿ? ನನಗಿರಾಂವ ಅವನೊಬ್ಬ."

ಹಾಲೇಶ ಕುಲುಮೆಯ ಕೆಂಡ ಕೆದಕಿದ. ನನಗಿದ್ದದ್ದೂ ಒಂದೇ ಮೊಮ್ಮಗಳು ಎನ್ನುವ ಮಾತು ಬಾಯಿತನಕ ಬಂದು ಹಿಂದಕ್ಕೆ ಹೋಯಿತು.

ಮಲ್ಲೇಶಪ್ಪ ಆಕೆಯನ್ನು ಕೂರಿಸಿ ಚಾಕುವಿನ ಸಂಗತಿಯೊಂದನ್ನೇ ಕೇಳಿದ. ಎರಡು ವರ್ಷದ ಹಿಂದೆ ಸವಣೂರಿನಲ್ಲಿ ಕೊಂಡದ್ದಂತೆ. ಆರಿಸಿಕೊಟ್ಟವನು ಹಾಲೇಶನ ಮಗ ಶಿವಾನಂದ. ಆಗಿನ್ನೂ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಚಾಕು ಮನೆಗೆ ಬಂದ ದಿನ ಭರಮವ್ವ ಅದಕ್ಕೆ ವಿಭೂತಿ ಬಳಿದು, ಹೊಸ್ತಿಲ ಮೇಲೆ ನಿಂಬೆಹಣ್ಣು ಕೊಯ್ಸಿ, ಎರಡು ಹೋಳಿನ ನಡುವೆ ಸಂಜೆತನಕ ಹಾಗೇ ಇಟ್ಟಿದ್ದಳು. ಎತ್ತಿ ನೋಡಿದರೆ ಅಲಗಿನ ಬುಡದಲ್ಲಿ ಹೆಬ್ಬೆರಳಗಲ ಕಪ್ಪು ಕಲೆ. ಬೂದಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಹೊಸಾ ಚಾಕುವಿನ ಮಾರಿಗೆ ಮಸಿ ಬಳದಿಯಲ್ಲವ್ವ ಎಂದು ಮಗ ವರ್ಷಗಟ್ಟಲೆ ಆಡಿಕೊಂಡಿದ್ದನಂತೆ. ಹೇಳುತ್ತ ಆಕೆಗೆ ಸಣ್ಣಗೆ ನಗು ಬಂತು, ಬಂದದ್ದಕ್ಕೆ ನಾಚಿ ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಮಲ್ಲೇಶಪ್ಪ, ಹಾಲೇಶ ಇಬ್ಬರೂ ಠಾಣೆಗೆ ಹೋದರು. ಹಾಲೇಶ ಒಳಗೆ ಹೋಗಲೊಪ್ಪದೆ ಹೊರಗಿನ ಬೆಂಚಿನ ಮೇಲೆ ಕುಳಿತ. ಹುಲಗೇಶನ ಮುಖ ನೋಡುವುದು ಅವನಿಗೆ ಬೇಕಿರಲಿಲ್ಲ. ಅಲ್ಲೇ ಕೊಳೆಯಲಿ ಎಂದು ಒಂದು ಮನಸ್ಸು. ಭರಮವ್ವನ ಮುಖ ನೆನಪಾಗಿ ಛೇ ಎಂದು ಇನ್ನೊಂದು.

ಮಲ್ಲೇಶಪ್ಪ ಬಹಳ ಹೊತ್ತಿನ ಮೇಲೆ ಹೊರಬಂದು, ಒಳಗೆ ಕೇಳಿದ್ದನ್ನು ಹೇಳಿದ. ಹುಲಗೇಶ ಮುಂಜಾನೆ ಚಹಾ ಒಯ್ದಾಗ ಹೆಣ ನೋಡಿದ್ದ. ಎದೆಯಲ್ಲಿದ್ದ ಚಾಕು ಥೇಟ್ ತನ್ನದರಂತೆಯೇ ಇತ್ತು. ತನ್ನದು ತನ್ನ ಸೊಂಟದಲ್ಲೇ ಇತ್ತು. ಇಂಥದ್ದು ಕೈಯಲ್ಲಿ ಸಿಕ್ಕರೆ ನನ್ನನ್ನೇ ಹಿಡಿಯುತ್ತಾರೆ ಎಂದು ಹೆದರಿ ಓಡಿಹೋಗಿ ತನ್ನದನ್ನು ಕೆರೆಗೆ ಎಸೆದುಬಿಟ್ಟಿದ್ದ. ಏನೋ ಎಸೆದದ್ದನ್ನು ಬಟ್ಟೆ ಒಗೆಯುವ ಹೆಂಗಸರು ಕಂಡಿದ್ದರು. ಎರಡು ದಿನ ಕೆರೆ ಜಾಲಾಡಿದರೂ ಕೆಸರಿನಲ್ಲಿ ಏನೂ ಸಿಕ್ಕಿರಲಿಲ್ಲ. ತನ್ನನ್ನು ಉಳಿಸುವ ಒಂದೇ ವಸ್ತುವನ್ನು ಅವನು ತನ್ನ ಕೈಯಾರೆ ಮುಳುಗಿಸಿದ್ದ.

"ಕೊಂದ ಚಾಕು ನೋಡಿದೆ. ಕಲೆ ಇಲ್ಲ" ಎಂದ ಮಲ್ಲೇಶಪ್ಪ.

"ತಿಕ್ಕಿ ತೆಗದಿರಬೇಕು."

"ಅದು ಹಳೇ ನಮೂನಿ ಉಕ್ಕು. ನಿಂಬಿಹುಳಿ ಒಳಗ ಇಳದಿರತೈತಿ. ಸಾಣಿ ಹಿಡದ ತೆಗೀಬೇಕು, ಹಿಡದ್ರ ಗೆರಿ ಬೀಳತಾವು. ಇದರ ಹೊಟ್ಟಿ ಮ್ಯಾಲ ಕಂಪನಿ ಹೊಳಪು ಹಂಗ ಐತಿ. ಹರಿತದ ಬಾಯಿ ಅಷ್ಟ ಮಸದಾರ."

ಪ್ರಶಾಂತನ ಫೋನಿನಲ್ಲಿ ಹುಲಗೇಶ ಡೇರೆಯ ಹಗ್ಗ ಕೊಯ್ಯುವ ಚಿತ್ರವಿದ್ದರೆ ನೋಡಿರೆಂದು ಪಿಎಸ್ಐ ಸುಧಾರಾಣಿಗೆ ಹೇಳಿ ಬಂದಿದ್ದ. ಬಸ್ಸಿಗೆ ಕಾಯುವಾಗ ಮೆಲ್ಲಗೆ ಕೇಳಿದ.

"ಹಾಲೇಶ, ಪ್ಯಾಟಿ ಚಾಕು ಎಷ್ಟು ಬದಿ ಮಸೀತಾರು?"

"ಎರಡೂ ಬದಿ."

"ನಾವು ಕುಡಗೋಲು?"

"ಒಂದ ಬದಿ. ಯಾಕ?"

ಮಲ್ಲೇಶಪ್ಪ ರಸ್ತೆಯ ಕಡೆ ಕೈ ತೋರಿಸಿದ. ಬಸ್ಸು ಬಂದಿತ್ತು.

ಎರಡು ಬಸ್ಸು ಬದಲಿಸಿ ಸವಣೂರು ಮುಟ್ಟಿದಾಗ ಮಧ್ಯಾಹ್ನ ಸರಿದಿತ್ತು. ಆ ಚಾಕು ಮಾರಿದ್ದ ಇಜಾಜನ ಅಂಗಡಿ ತುಂಬ ತಾಡಪತ್ರಿ, ಹಗ್ಗ, ಬ್ಯಾಟರಿ, ಗಮ್‌ಬೂಟು. ಎರಡು ವರ್ಷದ ಹಿಂದಿನ ಆ ಗಿರಾಕಿಗಳು ಅವನಿಗೆ ಚೆನ್ನಾಗಿ ನೆನಪಿದ್ದರು. "ಒಂದು ಚಾಕು ಸಲುವಾಗಿ ಎರಡು ತಾಸು ಕುಂತಿದ್ರು ನೋಡ್ರಿ. ಹೆಣ್ಣು ನೋಡಾಕ ಬಂದವರೂ ಅಷ್ಟು ಕುಂಡ್ರಂಗಿಲ್ಲ" ಎಂದು ನಕ್ಕ.

ಮೊದಲು ಮಡಚುವ ಚಾಕು ತೋರಿಸಿದ್ದನಂತೆ. ಹುಲಗೇಶನ ಜೊತೆಗಿದ್ದವನು ಬೇಡವೆಂದ, ಕಟ್ಟಿಗೆ ಸೀಳುವಾಗ ಕೀಲು ಸಡಿಲಾಗುತ್ತದೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಕೆಯೊಳಗೆ ದಿಕ್ಸೂಚಿ ಇದ್ದದ್ದು ಹುಲಗೇಶನ ಮನಸ್ಸಿಗೆ ಬಂದಿತ್ತು. ಹಿಡಿಕೆ ಪೊಳ್ಳಾದರೆ ಅಲಗಿಗೆ ಬೇರಿಲ್ಲ, ನಾಲ್ಕು ಏಟಿಗೆ ಕಿತ್ತು ಬರುತ್ತದೆ, ಅದು ಜಾತ್ರೆಯ ಸಾಮಾನು ಎಂದು ಜೊತೆಗಾರ ಬದಿಗಿಟ್ಟ. ತುಕ್ಕು ಹಿಡಿಯದ ಥಳಥಳ ಸ್ಟೀಲಿನದನ್ನೂ ಬಿಟ್ಟ. ಕಾಡಿನಲ್ಲಿ ಬಾಯಿ ಹೋದರೆ ಬರೀ ಕಲ್ಲಿನ ಮೇಲೆ ಮತ್ತೆ ಬರಿಸುವುದು ಕಷ್ಟ. ಕೊನೆಗೆ ಹಿಡಿದದ್ದು ಹಳೇ ಮಿಲಿಟರಿ ನಮೂನೆಯದು: ಗೇಣುದ್ದ ಸಾದಾ ಉಕ್ಕಿನ ಅಲಗು, ತೊಗಲಿನ ಬಿಲ್ಲೆ ಪೋಣಿಸಿದ ಹಿಡಿಕೆ, ಹಿಡಿಕೆಯ ತುದಿತನಕ ಹೋದ ಕಬ್ಬಿಣ.

"ಎರಡು ಬೆರಳಾಗ ತೂಗಬಿಟ್ಟು ಉಗುರಲೇ ಚಿಟಿಕಿ ಹೊಡದ್ರಿ. ಕಿವಿ ಹಚ್ಚಿ ಕೇಳಿದ. ಇದರಾಗ ಬಿರುಕಿಲ್ಲ, ಇದನ್ನ ತಗೋ ಅಂದ. ಅಂಥಾವು ನನ್ನ ಕಡೆ ಎರಡಽ ಇದ್ದವು."

ಹಾಲೇಶ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಉಗುರಿನಿಂದ ಚಿಟಿಕೆ ಹೊಡೆದು ಕಬ್ಬಿಣದ ದನಿ ಕೇಳುವುದನ್ನು ಶಿವಾನಂದನಿಗೆ ಎಂಟನೇ ವಯಸ್ಸಿನಲ್ಲಿ ಕಲಿಸಿದವನು ತಾನೇ.

ಎರಡನೆಯದು ಮೂರು ವಾರದ ಹಿಂದೆ ಮಾರಾಟವಾಗಿತ್ತು. ಇಜಾಜ ಆವತ್ತು ಶಿಗ್ಗಾಂವಿಗೆ ಮದುವೆಗೆ ಹೋಗಿದ್ದ, ಗಲ್ಲಾಪೆಟ್ಟಿಗೆಯ ಮುಂದೆ ಅವನ ಅಳಿಯನಿದ್ದ. ಗಿರಾಕಿ ಹೆಲ್ಮೆಟ್ ತೆಗೆಯಲಿಲ್ಲ, ಮತ್ತೊಂದು ತೋರಿಸೆಂದು ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ಇದೇ ಬೇಕೆಂದು ಬೆರಳು ತೋರಿಸಿ ತೆಗೆದುಕೊಂಡು ಹೋಗಿದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಹಾಲೇಶ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. "ಇದನ್ನ ಇಲ್ಲಿಗೆ ಬಿಟ್ಟಬಿಡಣ್ಣ."

"ಬಿಟ್ರ ಭರಮವ್ವನ ಮಗ ಜೈಲಿಗೆ ಹೋಗ್ತಾನ."

"ಹೋಗ್ಲಿ."

ಮಲ್ಲೇಶಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ. ಊರು ಬರುವತನಕ ತೆಗೆಯಲಿಲ್ಲ.

ಅಮಾವಾಸ್ಯೆಯ ದಿನ ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಆ ಮಧ್ಯಾಹ್ನ ಎಲ್ಲರೂ ಅಲ್ಲಿಗೇ ಬಂದರು. ಸುಧಾರಾಣಿ ಇಬ್ಬರು ಪೇದೆಗಳ ಜೊತೆ ಬಂದು ಕಬ್ಬಿಣ ಬಡಿಯುವ, ಈಗ ತಣ್ಣಗಿದ್ದ ಅಡಿಗಲ್ಲಿನ ಪಕ್ಕದಲ್ಲಿ ಕುಳಿತರು. ಭರಮವ್ವ ಬಾಗಿಲ ಹತ್ತಿರ. ಸವಣೂರಿನಿಂದ ಇಜಾಜ ಬಂದಿದ್ದ. ಶಿವಾನಂದನಿಗೂ ಹೇಳಿ ಕಳಿಸಿದ್ದರು. ಅವನು ಹೊಲದಿಂದ ನೇರ ಬಂದು, ಕಾಲಿನ ಕೆಸರು ತೊಳೆಯದೆ, ಗೋಡೆಗೆ ಒರಗಿ ನಿಂತಿದ್ದ. ಮಗಳು ಹೋದಂದಿನಿಂದ ಅವನು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೊಮ್ಮೆ ಕುಲುಮೆಗೆ ಬಂದು ಸಾಣೆಕಲ್ಲಿನ ಮುಂದೆ ಸುಮ್ಮನೆ ಕುಳಿತು ಹೋಗುತ್ತಿದ್ದ.

ಮಲ್ಲೇಶಪ್ಪ ಅವಸರವಿಲ್ಲದೆ ಶುರುಮಾಡಿದ. ಫೋನಿನಲ್ಲಿ ಸಿಕ್ಕ ಚಿತ್ರವನ್ನು ಸುಧಾರಾಣಿ ತೋರಿಸಿದರು: ಹುಲಗೇಶನ ಕೈಯಲ್ಲಿ ಚಾಕು, ಅಲಗಿನ ಬುಡದಲ್ಲಿ ಕಪ್ಪು ಕಲೆ. ಪ್ರಶಾಂತ ಸಾಯುವ ಎರಡು ದಿನ ಮೊದಲು ತೆಗೆದದ್ದು. ಪ್ಲಾಸ್ಟಿಕ್ ಚೀಲದಲ್ಲಿದ್ದ ಚಾಕುವಿನಲ್ಲಿ ಕಲೆಯೂ ಇಲ್ಲ, ಕಲೆ ತೆಗೆದ ಗೆರೆಯೂ ಇಲ್ಲ. ಅಂದಮೇಲೆ ಅದು ಹುಲಗೇಶನದಲ್ಲ, ಅದರ ಜೋಡಿ. ಜೋಡಿಯನ್ನು ಕೊಂಡವನು ಬೇರೇನನ್ನೂ ನೋಡದೆ ಅದಕ್ಕೇ ಬೆರಳು ತೋರಿಸಿದ. ಹಿಂದೊಮ್ಮೆ ಎರಡು ತಾಸು ಕುಳಿತು ಆರಿಸಿದ್ದವನಿಗೆ ಮತ್ತೆ ಆರಿಸುವ ಕೆಲಸವಿರುವುದಿಲ್ಲ. ಹೊಸ ಚಾಕುವಿಗೆ ನಿಂಬೆಹಣ್ಣು ಕೊಯ್ಸದ ಮನೆ ಈ ಸೀಮೆಯಲ್ಲಿಲ್ಲ. ಆದರೆ ಇದಕ್ಕೆ ಕೊಯ್ಸಿಲ್ಲ. ಮನೆಯವರಿಗೆ ತೋರಿಸದೆ ತಂದ ಚಾಕು ಇದು.

"ಇನ್ನ ಚಾಕುವಿನ ಬಾಯಿ ನೋಡ್ರಿ ಮೇಡಮ್ಮಾರ" ಎಂದ. "ಕಂಪನಿಯವರು ಎರಡೂ ಬದಿ ಮಸದು ಕಳಸ್ತಾರ. ಇದನ್ನ ಆಮ್ಯಾಲೆ ಮತ್ತ ಒಂದ ಬದಿ ಮಸದಾರ. ಚಾಕುನ ಹಂಗ ಯಾರೂ ಮಸಿಯಂಗಿಲ್ಲ. ಕುಡಗೋಲು ಮಸಿಯೂ ಕೈ ಅದು, ಗೊತ್ತಿಲ್ಲದಂಗ ತನ್ನ ರೂಢಿ ಮಾಡೇತಿ. ಊರ ಮಂದಿ ಎಲ್ಲಾ ಈಗ ಕರೆಂಟಿನ ಸಾಣಿಗೆ ಹೋಗ್ತಾರು, ಅಲ್ಲಿ ಎರಡೂ ಬದಿ. ಕಲ್ಲಿನ ಮ್ಯಾಲ ಒಂದ ಬದಿ ಮಸಿಯೋದು ನಮ್ಮಪ್ಪನ ಕಾಲದಿಂದ ಈ ಕುಲುಮಿಯಾಗ ಅಷ್ಟ. ಇಲ್ಲಿ ಕಲತ ಕೈ ಮೂರ. ನಂದು, ಹಾಲೇಶಂದು, ಶಿವಾನಂದಂದು."

ಮೂರೂ ಕೈಗಳ ಗುರುತು ಬೇರೆಬೇರೆ ಎಂದು ಮಲ್ಲೇಶಪ್ಪ ಹೇಳಿದ. ತಾನು ತುದಿತನಕ ಸಮ ಎಳೆಯುತ್ತೇನೆ. ಹಾಲೇಶ ಬುಡದಲ್ಲಿ ಒತ್ತುತ್ತಾನೆ. ಮೂರನೆಯದನ್ನು ಅವನು ಹೇಳಲಿಲ್ಲ. ಚೀಲವನ್ನು ಹಾಲೇಶನ ಕಡೆ ಚಾಚಿದ.

"ನಾ ಹೇಳಿದ್ರ ಅದು ನನ್ನ ಲೆಕ್ಕಾಚಾರ. ಕಲಿಸಿದಾಂವ ನೀನು. ನೀನ ನೋಡಿ ಹೇಳು."

ಹಾಲೇಶ ಚೀಲವನ್ನು ಬೆಳಕಿಗೆ ಹಿಡಿದ. ತುದಿಗೆ ಎರಡು ಬೆರಳು ಬಾಕಿ ಇರುವಲ್ಲಿ ಮಸೆದ ಗೆರೆ ಸಣ್ಣಗೆ ಮೇಲೆದ್ದಿತ್ತು. ಸಣ್ಣವನಿದ್ದಾಗ ಕಲ್ಲು ಎಟುಕದೆ ಮಗ ಕೊನೆಗೆ ಕೈ ಎತ್ತುತ್ತಿದ್ದ. ಬಡಿದರೂ, ರಮಿಸಿದರೂ ಆ ಚಾಳಿ ಹೋಗಿರಲಿಲ್ಲ. ಗುರುತು ಹತ್ತವಲ್ದು ಎಂದರೆ ಸಾಕಿತ್ತು. ಹೇಳಲು ಬಾಯಿ ತೆರೆದು ತಲೆ ಎತ್ತಿದ. ಭರಮವ್ವ ಅವನನ್ನೇ ನೋಡುತ್ತಿದ್ದಳು. ವಿದ್ಯಾಶ್ರೀಯನ್ನು ಹುಡುಕುತ್ತಿದ್ದ ದಿನ ಕೆರೆಯ ದಂಡೆಯಲ್ಲಿ ತಾನು ನೀರನ್ನು ನೋಡಿದ್ದು ಹೀಗೆಯೇ.

"ನನ್ನ ಮಗಂದು" ಎಂದ.

ಶಿವಾನಂದ ಅಲ್ಲಗಳೆಯಲಿಲ್ಲ. ನಿಂತಲ್ಲೇ ಕುಸಿದು ಕುಳಿತು, ನೆಲ ನೋಡುತ್ತ ಹೇಳಿದ. "ಹನ್ನೊಂದು ಮಂದಿ ಹತ್ತಸಿದ್ದು ತಪ್ಪಾತು ಅಂತ ಅವನ ಬಾಯಿಲೆ ಅನಸಬೇಕಿತ್ತಪ್ಪ. ಚಾಕು ಒಯ್ದಿದ್ದೆ, ಚುಚ್ಚೋದೋ ಬ್ಯಾಡೋ ಅಂತ ಗೊತ್ತಿರಲಿಲ್ಲ. ಇನ್ನೂ ವಯಸೈತಿ, ಇನ್ನೊಂದು ಹಡೀರಿ ಅಂದ."

"ಹುಲಗೇಶ ಏನು ಮಾಡಿದ್ದ?" ಎಂದು ಸುಧಾರಾಣಿ ಕೇಳಿದರು.

"ಅವನ್ನ ಸಿಗಿಸಬೇಕಂತ ಮಾಡಲಿಲ್ರಿ. ಹಿಡಕೊಂಡು ಹೋದಾಗ ಸುಮ್ಮಿದ್ದೆ. ಹುಟ್ಟು ಅವನ ಕೈಯಾಗ ಇತ್ತಲ್ಲ."

ಪೇದೆಗಳು ಅವನನ್ನು ಎಬ್ಬಿಸಿದರು. ಭರಮವ್ವ ಬಂದು ಹಾಲೇಶನ ಕಾಲು ಹಿಡಿಯಲು ಬಗ್ಗಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ಮಲ್ಲೇಶಪ್ಪ ಏನೋ ಹೇಳಬೇಕೆಂದು ಹತ್ತಿರ ಬಂದ. ಹಾಲೇಶ ಅವನ ಮುಖ ನೋಡದೆ ಹೊರಟ.

ಮನೆಯಲ್ಲಿ ಸೊಸೆ ಹೇಮಾ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಅವನ ಹಿಂದೆ ಬೇರೆ ಯಾರಾದರೂ ಬರುತ್ತಾರೇನೋ ಎಂದು ನೋಡಿದಳು. ಹಾಲೇಶ ಕಂಬಕ್ಕೊರಗಿ ಕುಳಿತು ನಡೆದದ್ದನ್ನೆಲ್ಲ ಹೇಳಿದ, ತನ್ನ ಬಾಯಿಂದ ಬಂದ ಮಾತನ್ನೂ ಬಿಡಲಿಲ್ಲ. ಆಕೆ ಅಳಲಿಲ್ಲ. ಮಗಳು ಹೋದ ವರ್ಷವೇ ಆಕೆಯ ಕಣ್ಣೀರು ಮುಗಿದಿತ್ತು.

"ಗುರುತು ಸಿಗವಲ್ದು ಅಂತ ಅನಬಹುದಿತ್ತಲ್ರಿ ಮಾವಾ" ಎಂದಳು.

"ಅನಬಹುದಿತ್ತು" ಎಂದ ಹಾಲೇಶ.

ಹೇಮಾ ಮೊರ ಎತ್ತಿಕೊಂಡು, ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಜೋಳ ಕೇರುವ ಸಪ್ಪಳ ಬಹಳ ಹೊತ್ತು ಕೇಳುತ್ತಲೇ ಇತ್ತು.